ಸ್ಪಷ್ಟನೆ: ಬೆಂಗಳೂರಿನ ನೀರು ಕೋಲಾರಕ್ಕೆ ಮಾತ್ರವೇ?

‘ಕೋಲಾರವನ್ನು ಹಾಳುಮಾಡಲೆಂದೇ ಬೆಂಗಳೂರಿನ ಕೊಳಚೆಯನ್ನು ನಮ್ಮೊಂದು ಜಿಲ್ಲೆಗೆ ಮಾತ್ರ ಹರಿಸಲಾಗುತ್ತಿದೆ’ ಎಂದು ಹರಿದಾಡುತ್ತಿರುವ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಬರುತ್ತಿರುವುದು ಎರಡು ಹಂತಗಳಲ್ಲಿ ಸಂಸ್ಕರಿಸಿದ ನೀರು. ಅದು ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸಲಿಕ್ಕೇ ಹೊರತು ನೇರವಾಗಿ ಕುಡಿಯಲಿಕ್ಕಲ್ಲ. ಇಂಥದೇ ನೀರು ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೂ ಹೋಗುತ್ತದೆ. 2018ರಲ್ಲೇ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡದ್ದೂ, ಮುಂದೆ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋದದ್ದೂ ನಿಜವಾದ್ದರಿಂದ, ಮೂರನೇ ಹಂತದ ಸಂಸ್ಕರಣೆಗಾಗಿ ನಡೆದಿರುವ ಒತ್ತಾಯ ನ್ಯಾಯವಾದುದೇ. ಆದರೆ ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ಬತ್ತುವುದನ್ನೇ ಕಂಡು ಬೆಳೆದ ನಮಗೆ (ನಾನೂ ಹೊರತಲ್ಲ) ಎಲ್ಲರೂ ನಮ್ಮ ಮೇಲೆಯೇ ಮುಗಿಬಿದ್ದಿದ್ದಾರೆಂಬ ಭಾವನೆ ಎಷ್ಟು ಬೇರೂರಿದೆಯೆಂದರೆ, ಇದೇ ಬೇಡಿಕೆ ಇಟ್ಟಿರುವ ಪಕ್ಕದ ಜಿಲ್ಲೆಯವರು ಸಹ ನಮ್ಮ ಕಣ್ಣಿಗೆ ಬೀಳುತ್ತಿಲ್ಲ.