ನಿಮ್ಮ ಚೆಕ್‌ಲಿಸ್ಟ್ ನೀವೇ ಬರೆಯಿರಿ, ಮ್ಯಾನ್ಯುಯಲ್ ಎದುರಿಗಿಟ್ಟುಕೊಂಡು

ವಿಮಾನ ಹಾರಿಸಲು ಕಲಿಯುತ್ತಿರುವ ಗೆಳೆಯರಿಗೆಲ್ಲ ನನ್ನದೊಂದು ಒತ್ತಾಯ. ಅಂಗಡಿಯಲ್ಲಿ ಸಿಗುವ ಚೆಕ್‌ಲಿಸ್ಟ್ ಕಾರ್ಡ್ ಕೊಂಡು ಸುಮ್ಮನಾಗಬೇಡಿ. ಕೂತು ನಿಮ್ಮದನ್ನು ನೀವೇ ಬರೆಯಿರಿ.

ಕಲಿಯುವವರು ಹಾರಿಸುವ ಚಿಕ್ಕ ವಿಮಾನ ಸೆಸ್ನಾ 172 ಅಂದ ಮಾತ್ರಕ್ಕೆ ಅದರ ಮಾದರಿಗಳೆಲ್ಲ ಒಂದೇ ಅಲ್ಲ. 172ಎನ್‌ನಲ್ಲಿ ಇಂಧನ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇದೆ, ಅದರಲ್ಲಿ ಮಂಜುಗಟ್ಟದಂತೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಪರೀಕ್ಷಿಸಲೇಬೇಕು. 172ಎಸ್‌ನಲ್ಲಿ ಫ್ಯೂಯಲ್ ಇಂಜೆಕ್ಷನ್. ಅಲ್ಲಿ ಕಾರ್ಬ್ ಹೀಟ್ ಇಲ್ಲವೇ ಇಲ್ಲ, ಆದರೆ ಫ್ಯೂಯಲ್ ಪಂಪಿನ ಸ್ವಿಚ್ ಇದೆ. ಎಂಜಿನ್ ಕೈಕೊಟ್ಟಾಗ ತೇಲುತ್ತಾ ಇಳಿಯಲು ಹಿಡಿಯಬೇಕಾದ ಗ್ಲೈಡ್ ವೇಗ ಮೊದಲನೆಯದಕ್ಕೆ 65 ನಾಟ್, ಎರಡನೆಯದಕ್ಕೆ 68. ನೀವು ಹಾರಿಸುವ ವಿಮಾನದ ಮ್ಯಾನ್ಯುಯಲ್ ತೆರೆಯದೆ ಇದು ತಿಳಿಯುವುದಾದರೂ ಹೇಗೆ?

ಬರೆಯುವಾಗ ಆಗುವ ಕಲಿಕೆಯೇ ನನಗೆ ಎಲ್ಲಕ್ಕಿಂತ ಮುಖ್ಯ. ಎಂಜಿನ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳ ಪರೀಕ್ಷೆಯನ್ನೇ ನೋಡಿ. 172ಎಸ್‌ನಲ್ಲಿ ಅದನ್ನು 1800 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ಸುತ್ತುವಾಗ, ಮಾಡುತ್ತೇವೆ. ಒಂದೊಂದೇ ಮ್ಯಾಗ್ನೆಟೊದಲ್ಲಿ ಓಡಿಸಿದಾಗ ಇಳಿಕೆ 150 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಸರಿ, ಒಂದು ವೇಳೆ ಸ್ವಲ್ಪವೂ ಇಳಿಯದಿದ್ದರೆ? ಖುಷಿಪಡುವ ವಿಷಯ ಅಲ್ಲ. ಆಫ್ ಆಗಬೇಕಿದ್ದ ಮ್ಯಾಗ್ನೆಟೊ ಆಫ್ ಆಗಿಲ್ಲದಿರಬಹುದು. ಅಂದರೆ ಕೀ ತೆಗೆದು ನಿಲ್ಲಿಸಿದ ವಿಮಾನದ ಪ್ರೊಪೆಲ್ಲರನ್ನು ಯಾರಾದರೂ ಕೈಯಲ್ಲಿ ತಿರುಗಿಸಿದರೂ ಎಂಜಿನ್ ಹತ್ತಿಕೊಳ್ಳಬಹುದು. ‘ಮ್ಯಾಗ್ನೆಟೊ, ಚೆಕ್’ ಅಂತ ಬರೆಯುವಾಗ ಇದೆಲ್ಲ ತಲೆಯಲ್ಲಿರಬೇಕು. ಕೊಂಡು ತಂದ ಕಾರ್ಡ್ ಓದುತ್ತಾ ಹೋದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಆದರೆ ಚಿಕ್ಕದು ಮಾಡುವ ಆಸೆಯ ಬಗ್ಗೆ ಹುಷಾರಾಗಿರಿ. ವಿವರಣೆ ಕತ್ತರಿಸಿ, ಕೆಲಸ ಕತ್ತರಿಸಬೇಡಿ. ‘ಕಂಟ್ರೋಲ್‌ಗಳು ಸಲೀಸಾಗಿ, ಸರಿಯಾದ ದಿಕ್ಕಿಗೆ ಆಡುತ್ತಿವೆ’ ಅನ್ನುವ ಸಾಲು ಎಷ್ಟು ಸುಲಭದ್ದು ಅನಿಸುತ್ತದೆ, ಅಲ್ವಾ? 1935ರ ಅಕ್ಟೋಬರ್ 30ರಂದು ಬೋಯಿಂಗ್ ಮಾಡೆಲ್ 299 ಎಂಬ ವಿಮಾನ ಕಂಟ್ರೋಲ್ ಲಾಕ್ (ನಿಂತಿರುವಾಗ ಕಂಟ್ರೋಲ್‌ಗಳು ಅಲುಗದಂತೆ ಹಿಡಿಯುವ ಬೀಗ) ತೆಗೆಯದೆಯೇ ಮೇಲೇರಿತು, ಕೆಳಗೆ ಬಿತ್ತು, ಇಬ್ಬರು ತೀರಿಕೊಂಡರು. ಹಾರಿಸಿದವರು ಅನುಭವಿ ಪೈಲಟ್‌ಗಳೇ. ಪೈಲಟ್‌ಗಳ ಚೆಕ್‌ಲಿಸ್ಟ್ ಬಳಕೆಗೆ ಬಲ ಬಂದದ್ದೇ ಆ ಅಪಘಾತದ ನಂತರ.

ಇನ್ನೊಂದು ಮಾತು, ಚೆಕ್‌ಲಿಸ್ಟ್ ಓದುವುದು ಅರ್ಧಕ್ಕೆ ನಿಂತುಹೋಗುವುದು. ರೇಡಿಯೊದಲ್ಲಿ ಕರೆ ಬರುತ್ತದೆ, ಬೆರಳು ಯಾವ ಸಾಲಿನ ಮೇಲಿತ್ತು ಅನ್ನುವುದು ಮರೆಯುತ್ತದೆ. 1987ರಲ್ಲಿ ಡೆಟ್ರಾಯ್ಟ್‌ನಲ್ಲಿ ನಾರ್ತ್‌ವೆಸ್ಟ್ 255 ಎಂಬ ಪ್ರಯಾಣಿಕ ವಿಮಾನ ಫ್ಲಾಪ್ (ಮೇಲೇರಲು ನೆರವಾಗುವ ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸದೆ ಟೇಕಾಫ್ ಮಾಡಿ ಬಿತ್ತು. ರನ್‌ವೇ ಕಡೆಗೆ ಸಾಗುವಾಗಿನ ಟ್ಯಾಕ್ಸಿ ಚೆಕ್‌ಲಿಸ್ಟ್ ಮಾಡಿರಲಿಲ್ಲ ಎಂದು ತನಿಖೆ ಹೇಳಿತು. ಅದಕ್ಕೇ ನಾನು ಸಾಲುಗಳನ್ನು ಚಿಕ್ಕ ಗುಂಪುಗಳಾಗಿ ಒಡೆದಿದ್ದೇನೆ. ನಡುವೆ ತಡೆಯಾದರೆ ಆ ಗುಂಪನ್ನು ಮೊದಲಿಂದ ಓದುತ್ತೇನೆ. ಚಿಕ್ಕ ಗುಂಪಾದ್ದರಿಂದ ಮತ್ತೆ ಓದಲು ಬೇಜಾರಾಗುವುದಿಲ್ಲ.

ಎಂಜಿನ್ ನಿಂತಾಗಿನ ಪುಟ ಬೇರೆಯೇ ಇರಲಿ. ವೇಗ, ಇಳಿಯುವ ಜಾಗ, ಫ್ಯೂಯಲ್ ಸೆಲೆಕ್ಟರ್ (ಯಾವ ಟ್ಯಾಂಕಿನ ಇಂಧನ), ಮಿಕ್ಸ್ಚರ್ (ಇಂಧನ-ಗಾಳಿಯ ಪ್ರಮಾಣ), ಇಗ್ನಿಷನ್, ಇವು ಬಾಯಿಪಾಠ ಆಗಿರಬೇಕು. ಕೈ ಆ ಕೆಲಸ ಮುಗಿಸಿದ ಮೇಲೆ ಸಮಯ ಇದ್ದರೆ ಕಾರ್ಡ್ ತೆಗೆದು ತಾಳೆ ನೋಡಿ.

ಅಕ್ಷರ ದೊಡ್ಡದಿರಲಿ, ಮೂಲೆಯಲ್ಲಿ ವಿಮಾನದ ರಿಜಿಸ್ಟ್ರೇಷನ್ ಮತ್ತು ಬರೆದ ತಾರೀಖು ಇರಲಿ. ಲ್ಯಾಮಿನೇಟ್ ಮಾಡಿಸುವ ಅವಸರ ಬೇಡ. ಮೊದಲು ಇನ್‌ಸ್ಟ್ರಕ್ಟರ್ ಎದುರು ಕೂತು ಮ್ಯಾನ್ಯುಯಲ್ ಜೊತೆ ಸಾಲು ಸಾಲಾಗಿ ಹೋಲಿಸಿ. ಒಂದು ಸಾಲು ಯಾಕೆ ಬಿಟ್ಟಿದ್ದೀರಿ ಅಂತ ಅವರು ಕೇಳಿದಾಗ ಉತ್ತರ ಇಲ್ಲದಿದ್ದರೆ, ಆ ಸಾಲನ್ನು ವಾಪಸ್ ಸೇರಿಸಿ.