ಓಡುವ ಲೈನಿಗೆ ಅಪ್‌ಡೇಟ್ ಬೇಕೆ?

ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಯಂತ್ರಗಳ ಸಾಲನ್ನು, ಅಂದರೆ ಲೈನನ್ನು, ನಡೆಸುವ ಸಾಫ್ಟ್‌ವೇರನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುತ್ತಿರಬೇಕೆ? ಇಬ್ಬರನ್ನು ಕೇಳಿದೆವು.

ಪರ
(ಮಡಿಕೇರಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಕೆಲಸ ಮಾಡುವವರು)

ಮಾಡಬೇಕು. ಬೀಜದ ಬಣ್ಣ ನೋಡಿ ವಿಂಗಡಿಸುವ ಕಲರ್ ಸಾರ್ಟರ್ ಒಳಗಿರುವುದೂ ಕಂಪ್ಯೂಟರೇ. ಲೈನಿನ ಯಾವುದಾದರೂ ಪ್ಯಾನೆಲ್ ಇನ್ನೂ ವಿಂಡೋಸ್ 7ರಲ್ಲಿ ಓಡುತ್ತಿದ್ದರೆ, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ.

2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಹರಡಿದಾಗ ರೆನೊ ಕಂಪನಿ ಹಲವು ಕಾರು ಕಾರ್ಖಾನೆಗಳಲ್ಲಿ ಉತ್ಪಾದನೆ ನಿಲ್ಲಿಸಬೇಕಾಯಿತು. ಅದು ಒಳನುಗ್ಗಿದ ದಾರಿ ಮುಚ್ಚುವ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಅದೇ ಜಾತಿಯ ವೈರಸ್ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ ಯಂತ್ರಗಳನ್ನು ಹಿಡಿಯಿತು. ‘ನಮ್ಮಲ್ಲಿ ಇಂಟರ್‌ನೆಟ್ಟೇ ಇಲ್ಲ’ ಎನ್ನುವವರಿಗೆ ಸ್ಟಕ್ಸ್‌ನೆಟ್ ಎಂಬ ವೈರಸ್ಸೇ ಉತ್ತರ. 2010ರಲ್ಲಿ ಬಯಲಾದ ಅದು ಪೆನ್‌ಡ್ರೈವ್‌ಗಳ ಮೂಲಕವೂ ಹರಡಿ, ಸೀಮೆನ್ಸ್ ಕಂಪನಿಯ ಪಿಎಲ್‌ಸಿಗಳನ್ನೇ (ಕಾರ್ಖಾನೆಯ ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್‌ಗಳನ್ನೇ) ಗುರಿ ಮಾಡಿತ್ತು.

ಸೀಸನ್ ಮಧ್ಯೆ ಕೈ ಹಾಕಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಸಣ್ಣ ವರ್ಕ್ಸ್‌ಗಳಿಗೆ ಖರ್ಚು ಹಗುರವೂ ಅಲ್ಲ. ಆದರೆ ಮಳೆಗಾಲದಲ್ಲಿ ಲೈನ್ ನಿಂತಿರುವಾಗ ಬ್ಯಾಕಪ್ ತೆಗೆದು ಅಪ್‌ಡೇಟ್ ಹಾಕಲು ಅಡ್ಡಿಯೇನೂ ಕಾಣುವುದಿಲ್ಲ.

ವಿರೋಧ
(ಕುಶಾಲನಗರದ ಕಡೆಯ ಕ್ಯೂರಿಂಗ್ ವರ್ಕ್ಸ್ ಒಂದರ ಮೆಂಟೇನೆನ್ಸ್ ಎಲೆಕ್ಟ್ರಿಷಿಯನ್)

ಚೆನ್ನಾಗಿ ಓಡುತ್ತಿರುವ ಲೈನನ್ನು ಮುಟ್ಟಬೇಡಿ. ಕಚೇರಿಯ ಕಂಪ್ಯೂಟರ್ ಕೆಟ್ಟರೆ ಬಿಲ್ ಒಂದು ದಿನ ತಡವಾಗುತ್ತದೆ, ಅಷ್ಟೇ. ಸಾರ್ಟರ್ ಕೆಟ್ಟರೆ ಕಲ್ಲು ತೆಗೆಯುವ ಡಿಸ್ಟೋನರ್, ಸಿಪ್ಪೆ ಸುಲಿಯುವ ಹಲ್ಲರ್, ಗಾತ್ರ ನೋಡಿ ಬೇರ್ಪಡಿಸುವ ಗ್ರೇಡರ್ ಎಲ್ಲವೂ ಸಾಲಾಗಿ ನಿಲ್ಲುತ್ತವೆ, ಹೊರಗೆ ಲಾರಿಗಳೂ ನಿಲ್ಲುತ್ತವೆ.

ಒಂದು ಮಾರ್ಚ್‌ನಲ್ಲಿ ನಮ್ಮಲ್ಲಿ ಇದೇ ಆಯಿತು. ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮೂಟೆಗಳು ಗೋದಾಮಿನ ಛಾವಣಿ ಮುಟ್ಟುತ್ತಿದ್ದವು. ಸರ್ವೀಸಿಗೆ ಬಂದ ಯಂತ್ರ ಕಂಪನಿಯ ಹುಡುಗ ಲ್ಯಾಪ್‌ಟಾಪ್ ಜೋಡಿಸಿ, "ಹೊಸ ವರ್ಷನ್ ಬಂದಿದೆ ಸಾರ್, ಹಾಕಿಬಿಡ್ತೀನಿ" ಎಂದ. ಮ್ಯಾನೇಜರ್ ಹೂಂ ಎಂದರು. ಹೊಸದರಲ್ಲಿ ನಮ್ಮ ಹಳೆಯ ಸೆಟ್ಟಿಂಗ್‌ಗಳು ತೆರೆಯಲೇ ಇಲ್ಲ. ದಪ್ಪ ಬೀಜದ ಎಬಿಗೆ ಒಂದು, ದುಂಡು ಬೀಜದ ಪಿಬಿಗೆ ಒಂದು ಎಂದು ಪ್ರತಿ ಗ್ರೇಡಿಗೂ ವರ್ಷಗಟ್ಟಲೆ ತಿದ್ದಿ ತಿದ್ದಿ ಕೂರಿಸಿದ್ದ ಲೆಕ್ಕ ಅದು. ಗಾಳಿ ಊದುವ ನಳಿಕೆಗಳು ಒಳ್ಳೆಯ ಬೀಜವನ್ನು ರಿಜೆಕ್ಟಿಗೆ ತಳ್ಳಿದವು, ಬ್ಲ್ಯಾಕು ಬ್ರೌನು ಎನ್ನುವ ಕೆಟ್ಟ ಬೀಜಗಳು ಒಳ್ಳೆಯದರ ಜೊತೆ ಇಳಿದವು. ಕಂಪನಿಗೆ ಫೋನ್ ಮಾಡಿದರೆ, ಹಳೆಯ ವರ್ಷನ್ನಿಗೆ ವಾಪಸ್ ಹೋಗಲಾಗದು ಎಂಬ ಉತ್ತರ.

ಕೊನೆಗೆ ನಮ್ಮನ್ನು ಕಾಪಾಡಿದ್ದು ಹಿಂದೆ ಕೈಯಲ್ಲೇ ಗಾರ್ಬ್ಲಿಂಗ್ ಮಾಡುತ್ತಿದ್ದ, ಅಂದರೆ ಕೆಟ್ಟ ಬೀಜ ಆರಿಸಿ ತೆಗೆಯುತ್ತಿದ್ದ, ಹೆಂಗಸರು. ಹಳೆಯ ಮೇಜುಗಳನ್ನು ತೊಳೆದು ಹಾಕಿ ಅವರನ್ನು ಕರೆಸಿದೆವು. ಔಟ್ ಟರ್ನ್ (ತಮ್ಮ ಕಾಫಿಯಿಂದ ಎಷ್ಟು ಬೀಜ ಸಿಕ್ಕಿತೆಂಬ ಲೆಕ್ಕ) ಕೇಳಲು ಬಂದ ಬೆಳೆಗಾರರೊಬ್ಬರು, "ಏನಣ್ಣ, ನಮ್ಮ ಲಾಟು ಇನ್ನೂ ಆಗಿಲ್ವಾ? ಬ್ಯಾಂಕಿನವರು ಕಾಯ್ತಿದ್ದಾರೆ" ಎಂದರು. ಅವರಿಗೆ ವೈರಸ್ಸಿನ ಕಥೆ ಹೇಳಿ ಏನು ಪ್ರಯೋಜನ? ನಮ್ಮ ಲೈನ್ ನಿಲ್ಲಿಸಿದ್ದು ವೈರಸ್ ಅಲ್ಲ, ಅಪ್‌ಡೇಟ್.

ಟಿಎಸ್‌ಎಂಸಿ ಹೆಸರನ್ನು ಅಪ್‌ಡೇಟ್ ಬೇಕೆನ್ನುವವರು ಯಾವಾಗಲೂ ಎತ್ತುತ್ತಾರೆ. ಅಲ್ಲಿ ವೈರಸ್ ಹರಡಿದ್ದು ಹೊಸ ಯಂತ್ರಕ್ಕೆ ಸಾಫ್ಟ್‌ವೇರ್ ಹಾಕುವಾಗ! 2024ರ ಜುಲೈ 19ರಂದು ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಮಲಗಿದ್ದೂ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟಿನಿಂದಲೇ. ಇನ್ನು ಸ್ಟಕ್ಸ್‌ನೆಟ್: ಅದು ಇರಾನಿನ ಅಣು ಕಾರ್ಯಕ್ರಮದ ಮೇಲೆ ಬಿಟ್ಟದ್ದು. ಕೊಡಗಿನ ಕಾಫಿ ಬೀಜದ ಮೇಲೆ ಯಾವ ದೇಶಕ್ಕೆ ಅಂಥ ಹಗೆ?

ಮಳೆಗಾಲದಲ್ಲಿ ಮಾಡಿ ಎನ್ನುವವರು ಇಲ್ಲಿಯ ಜುಲೈ ನೋಡಿಲ್ಲವೇ? ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ಸಾಫ್ಟ್‌ವೇರ್) ಬರೆಯುವ ಮಧ್ಯೆ ಕರೆಂಟು ಹೋದರೆ ಯಂತ್ರದ ಎಲೆಕ್ಟ್ರಾನಿಕ್ ಕಾರ್ಡೇ ಸತ್ತುಹೋಗಬಹುದು. ಮಳೆಗಾಲದಲ್ಲಿ ಹಾಕಿದ ಅಪ್‌ಡೇಟ್ ಸರಿ ಇದೆಯೇ ಎಂದು ಹೊಸ ಬೆಳೆ ಬರುವ ಮೊದಲು ಯಾವ ಲಾಟು ಓಡಿಸಿ ನೋಡುವುದು?

ನಾನು ಬೀಗ ಹಾಕಬೇಡಿ ಎನ್ನುತ್ತಿಲ್ಲ. ಯುಎಸ್‌ಬಿ ಪೋರ್ಟ್ ಮುಚ್ಚಿ. ಕಂಪನಿ ದೂರದಿಂದ ಒಳಬರಲು ಇಟ್ಟ ಮೋಡೆಮ್ ಕಿತ್ತಿಡಿ. ಲೈನಿನ ಕೇಬಲ್ಲನ್ನು ಕಚೇರಿಯ ನೆಟ್‌ವರ್ಕಿಗೆ ಸೇರಿಸಬೇಡಿ. ಪ್ರತಿ ಗ್ರೇಡಿನ ಸೆಟ್ಟಿಂಗನ್ನು ಪುಸ್ತಕದಲ್ಲಿ ಬರೆದಿಡಿ. ಆಮೇಲೂ ಅಪ್‌ಡೇಟ್ ಬೇಕೇ ಬೇಕೆಂದರೆ, ಹಿಂದಿನ ವರ್ಷನ್ನಿಗೆ ಮರಳಿಸಿ ಕೊಡುತ್ತೇವೆಂದು ಕಂಪನಿ ಒಪ್ಪಂದದಲ್ಲೇ ಬರೆದುಕೊಡಲಿ, ಮೊದಲ ಲಾಟು ಮುಗಿಯುವವರೆಗೆ ತನ್ನ ಇಂಜಿನಿಯರನ್ನು ಸಾರ್ಟರ್ ಮುಂದೆ ನಿಲ್ಲಿಸಲಿ.