ಪರ-ವಿರೋಧ: ಊರಿನ ಬ್ಲಾಗು ಪುಸ್ತಕವಾಗಬೇಕೇ?

ದಾವಣಗೆರೆಯ ಬಗ್ಗೆ ದಾವಣಗೆರೆಯವರೇ ಹದಿನೈದು-ಇಪ್ಪತ್ತು ವರ್ಷಗಳಿಂದ ಬ್ಲಾಗುಗಳಲ್ಲಿ ಬರೆದದ್ದು ಬಹಳವಿದೆ. ಅದನ್ನು ಆರಿಸಿ ಅಚ್ಚು ಹಾಕಿಸಬೇಕೇ, ಇದ್ದಲ್ಲೇ ಇರಲು ಬಿಡಬೇಕೇ? ಇಬ್ಬರನ್ನು ಕೇಳಿದೆವು.

ಪರ
ಬಾಡಿಗೆ ಮನೆಯಲ್ಲಿ ಬಿಟ್ಟ ಬರಹ
(ಬರೆದವರು ಮಂಡಿಪೇಟೆಯಲ್ಲಿ ಮುದ್ರಣಾಲಯ ನಡೆಸಿದ್ದವರು)

ನಾನು ಮಂಡಿಪೇಟೆಯ ಓಣಿಯೊಂದರಲ್ಲಿ ಪ್ರೆಸ್ ಇಟ್ಟಿದ್ದವನು. ಅಚ್ಚಿನ ಮೊಳೆ ಜೋಡಿಸಿ, ಟ್ರೆಡಲ್ ಯಂತ್ರ ತುಳಿದು, ದಲಾಲಿ ಅಂಗಡಿಗಳ ಬಿಲ್‌ಬುಕ್ಕು, ಲಗ್ನಪತ್ರಿಕೆ, ದುಗ್ಗಮ್ಮನ ಜಾತ್ರೆ ಬಂದರೆ ನಾಟಕದ ಹ್ಯಾಂಡ್‌ಬಿಲ್ಲು ಹೊಡೆದು ಮಕ್ಕಳನ್ನು ಓದಿಸಿದೆ. ಹಾಗಾಗಿ ‘ಬ್ಲಾಗು ಅಚ್ಚಾಗಲಿ’ ಎಂದು ನಾನು ಹೇಳಿದರೆ, ಹೂ ಮಾರುವವಳು ‘ಪೂಜೆ ಮಾಡಿಸ್ರಿ’ ಅಂದಹಾಗೆ ಕೇಳಬಹುದು. ಕೇಳಲಿ. ಯಂತ್ರವನ್ನು ಗುಜರಿಗೆ ತೂಕದ ಮೇಲೆ ಹಾಕಿ ಹನ್ನೆರಡು ವರ್ಷವಾಯಿತು. ಇದರಲ್ಲಿ ನನಗೆ ಕಾಸು ಹುಟ್ಟುವುದಿಲ್ಲ.

ನನ್ನ ಮಾತು ಇಷ್ಟೇ: ಬ್ಲಾಗು ಬಾಡಿಗೆ ಮನೆ. ಬಾಡಿಗೆ ಮನೆಗೆ ಎಷ್ಟು ಸುಣ್ಣ ಬಳಿದರೂ ಬೀಗದ ಕೈ ಇನ್ನೊಬ್ಬರದು.

ನನ್ನ ಗೆಳೆಯನೊಬ್ಬ ಇಲ್ಲಿಯ ಹತ್ತಿ ಮಿಲ್ಲೊಂದರಲ್ಲಿ, ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರನ್ನು ಹೊಗಳುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ಮನೆಗೆ ಬಂದವನು. ಎರಡು ವರ್ಷ ಸುಮ್ಮನೆ ಕೂತ. 2007ರಲ್ಲಿ ಮಗಳು ಬೆಂಗಳೂರಿನಿಂದ ಹಳೆಯ ಕಂಪ್ಯೂಟರ್ ತಂದುಕೊಟ್ಟು, ‘ಬರಹ’ ತಂತ್ರಾಂಶ ಹಾಕಿ, ಬ್ಲಾಗು ತೆರೆದುಕೊಟ್ಟಳು. ಇಂಗ್ಲಿಷ್ ಅಕ್ಷರ ಕುಟ್ಟಿದರೆ ಪರದೆ ಮೇಲೆ ಕನ್ನಡ ಮೂಡುವುದನ್ನು ನನಗೂ ಕರೆದು ತೋರಿಸಿದ. ಮೊಳೆ ಕೇಸಿನ ಮುಂದೆ ಮೂವತ್ತು ವರ್ಷ ನಿಂತು ಕಾಲು ಊದಿಸಿಕೊಂಡ ನನಗೆ ಹೊಟ್ಟೆ ಉರಿಯಿತು ಅಂತ ಬಿಚ್ಚಿಯೇ ಹೇಳುತ್ತೇನೆ.

ಅವನು ಏನು ಬರೆದ? ಯಾವ ಮಿಲ್ಲಿನ ಸೈರನ್ ಎಷ್ಟು ಹೊತ್ತಿಗೆ, ಯಾವುದರ ದನಿ ದಪ್ಪ, ಯಾವುದರದು ಕೀರಲು ಎಂದು ಒಂದು ಲೇಖನ. ಮೂರನೇ ಪಾಳಿಯಿಂದ ಹೊರಬಿದ್ದವರ ತಲೆಗೂದಲಲ್ಲಿ ಹತ್ತಿ ಎಳೆ ಹೇಗೆ ಸಿಕ್ಕಿಕೊಂಡಿರುತ್ತಿತ್ತು ಎಂದು ಇನ್ನೊಂದು. ಕಾರ್ಮಿಕ ನಾಯಕ ಪಂಪಾಪತಿಯವರ ಭಾಷಣ ಕೇಳಲು ಊಟದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡೇ ನಿಂತವರ ಬಗ್ಗೆ. ಮಂಡಕ್ಕಿ ಭಟ್ಟಿಗಳ ಹೊಗೆಯ ಬಗ್ಗೆ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಬಿದ್ದಾಗ ಸೈಕಲ್ ಮಲಗಿಸಿ ಅಡಿಯಿಂದ ನುಗ್ಗುವ ವಿದ್ಯೆಯ ಬಗ್ಗೆ. ಪಗಾರದ ದಿನ ಮಿಲ್ಲಿನ ಗೇಟಿನಾಚೆ ಸಾಲ ಕೊಟ್ಟವರೂ ಹೆಂಡತಿಯರೂ ಹೇಗೆ ಎರಡು ಸಾಲಾಗಿ ನಿಂತಿರುತ್ತಿದ್ದರು, ಯಾರು ಮೊದಲು ಹಿಡಿಯುತ್ತಿದ್ದರು ಎಂಬ ಬಗ್ಗೆ. ಇದು ಅವನ ಬರಹಗಳಲ್ಲೇ ಶ್ರೇಷ್ಠ.

ಜಿಲ್ಲೆಯಾದ ಕಥೆಯನ್ನೇ ತೆಗೆದುಕೊಳ್ಳಿ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಅದು ಯಾವ ಪುಸ್ತಕ ತೆಗೆದರೂ ಸಿಗುತ್ತದೆ. ಆದರೆ ಆ ತಿಂಗಳು ‘ಚಿತ್ರದುರ್ಗ ಜಿಲ್ಲೆ’ ಎಂದಿದ್ದ ಲೆಟರ್‌ಹೆಡ್ಡು, ಪಾವತಿ ಪುಸ್ತಕ, ಚೀಟಿ ಎಲ್ಲ ಹೊಡೆದುಹಾಕಿ ಹೊಸದು ಮಾಡಿಸಲು ನನ್ನ ಪ್ರೆಸ್ಸಿನ ಮುಂದೆ ಜನ ನಿಂತದ್ದು, ‘ದುರ್ಗ’ ಅನ್ನುವ ಮೊಳೆ ಕಿತ್ತಿಟ್ಟು ನಾನು ಅರ್ಧ ಗಂಟೆ ಸುಮ್ಮನೆ ಕೂತದ್ದು ಅವನ ಬ್ಲಾಗಿನಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ.

ಇರಲಿಲ್ಲ ಎಂದೇ ಬರೆಯಬೇಕಾಗಿದೆ. ಅವನು 2016ರಲ್ಲಿ ತೀರಿಕೊಂಡ. ಬ್ಲಾಗಿನ ವಿಳಾಸಕ್ಕೆ ಸ್ವಂತ ಹೆಸರು ಕೊಂಡು, ವರ್ಷಾವರ್ಷ ದುಡ್ಡು ಕಟ್ಟುತ್ತಿದ್ದನಂತೆ. ಅದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಜ್ಞಾಪನೆಯ ಪತ್ರಗಳು ಸತ್ತವನ ಇಮೇಲಿಗೆ ಹೋದವು. ದುಡ್ಡು ಕಟ್ಟದೆ ಆ ಹೆಸರು ಬೇರೆಯವರ ಪಾಲಾಯಿತು. ವರ್ಷದ ಮೇಲೆ ಮಗಳು ಫೋನು ಮಾಡಿದಳು: “ಮಾಮ, ಅಪ್ಪನ ಬ್ಲಾಗು ತೆಗೆದ್ರೆ ಏನೋ ರಮ್ಮಿ ಆಟ ಬರ್ತೈತಿ.” ನೂರ ನಲವತ್ತು ಲೇಖನದ ಜಾಗದಲ್ಲಿ ಇಸ್ಪೀಟು ಎಲೆ! ಜನ್ಮದಲ್ಲಿ ಒಂದು ಎಲೆ ಮುಟ್ಟಿದವನಲ್ಲ ಅವನು.

ಉಳಿದದ್ದು ಇಪ್ಪತ್ಮೂರು. ಅವೂ ಯಾಕೆ ಉಳಿದವು ಗೊತ್ತೇ? ಪರದೆ ನೋಡಿದರೆ ನನಗೆ ಕಣ್ಣಲ್ಲಿ ನೀರು ಬರುತ್ತದೆಂದು ಪಿ.ಜೆ. ಬಡಾವಣೆಯ ಜೆರಾಕ್ಸ್ ಅಂಗಡಿಯಲ್ಲಿ ಅವನೇ ಪ್ರಿಂಟು ತೆಗೆಸಿ ತಂದುಕೊಡುತ್ತಿದ್ದ. ಕಾಗದವಾದದ್ದು ಉಳಿಯಿತು. ಪಗಾರದ ದಿನದ್ದು ಆ ಕಟ್ಟಿನಲ್ಲಿಲ್ಲ.

ಬಡವನ ಬ್ಲಾಗು ಹಾಗಾಯಿತು, ದೊಡ್ಡ ಕಂಪನಿಗಳು ಹಾಗೆ ಮಾಡುವುದಿಲ್ಲ ಎನ್ನುತ್ತೀರಾ? ಜನ ತಮ್ಮ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ. ಗೂಗಲ್ ಪ್ಲಸ್ 2019ರಲ್ಲಿ. ಬೀಗದ ಕೈ ಯಾರ ಹತ್ತಿರ ಇತ್ತು? ಅದೇ ಇಲ್ಲಿ ಚೌಕಿಪೇಟೆಯಲ್ಲಿ ಒಬ್ಬ ಒಂದು ಪುಸ್ತಕ ತಂದರೆ, 1954ರ ಕಾಯಿದೆಯ ಪ್ರಕಾರ ಪ್ರಕಾಶಕ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬಯಿ, ದೆಹಲಿಗೆ ಒಂದೊಂದು. ನಮ್ಮ ಊರಿಗೆ ಬೆಂಕಿ ಬಿದ್ದರೂ ನಾಲ್ಕು ಊರಲ್ಲಿ ನಮ್ಮ ಮಾತು ಇರುತ್ತದೆ. ಕಳಿಸದೆ ಮೈಗಳ್ಳತನ ಮಾಡುವವರಿದ್ದಾರೆ, ಅದು ಬೇರೆ ಮಾತು.

ತಿದ್ದಬಹುದು, ಅದೇ ಬ್ಲಾಗಿನ ಹೆಚ್ಚುಗಾರಿಕೆ ಎನ್ನುತ್ತಾರೆ. ನಾನು ಹೇಳುವುದು, ಆಮೇಲೆ ತಿದ್ದಬಹುದೆಂಬ ಧೈರ್ಯಕ್ಕೇ ಮೊದಲು ತಪ್ಪು ಬರೆಯುತ್ತಾರೆ. ಅಚ್ಚಿನಲ್ಲಿ ಭಯವಿದೆ. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ‘ವಧು’ವಿನ ಕೊಂಬು ಕಳಚಿಬಿದ್ದು ‘ವಧ’ ಆಗಿತ್ತು. 300 ಪತ್ರಿಕೆಗೂ ನಾನೂ ನನ್ನ ಹೆಂಡತಿಯೂ ರಾತ್ರಿಯಿಡೀ ಕೂತು ಪೆನ್ನಿನಲ್ಲಿ ಕೊಂಬು ಹಾಕಿದೆವು. ಅಲ್ಲಿಂದ ಮೂರು ಪ್ರೂಫು ನೋಡದೆ ಯಂತ್ರ ತುಳಿದವನಲ್ಲ. ಮದುವೆಯವರು ದುಡ್ಡನ್ನೇನೂ ಮುರಿಯಲಿಲ್ಲ, ಒಳ್ಳೆಯವರು.

ಇನ್ನು ಖರ್ಚು. ಹುಟ್ಟುಹಬ್ಬಕ್ಕೆ ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿಸುವ ಊರಿದು. ಖರ್ಚಿನ ಮಾತು ನನ್ನ ಹತ್ತಿರ ಬೇಡ.

ನಮ್ಮ ಹಳೆಯ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಒಮ್ಮೆ ಹೋಗಿಬನ್ನಿ. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಮಾತು ಕೆತ್ತಿದೆ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಅವನು ಲಿಪಿಕಾರ. ಎಂದರೆ ನಮ್ಮ ಕಸುಬಿನವನೇ. ಸುಮಾರು 2200 ವರ್ಷದಿಂದ ಆ ಗುಮಾಸ್ತನ ಹೆಸರು ಇದೆ, ನನ್ನ ಗುಮಾಸ್ತನ ಹೆಸರು ಒಂದು ವರ್ಷ ನಿಲ್ಲಲಿಲ್ಲ. ನನ್ನ ಹತ್ತಿರ ಇಪ್ಪತ್ಮೂರು ಲೇಖನ ಇವೆ. ಅಚ್ಚು ಹಾಕುವವರು ಬಂದರೆ ಪ್ರೂಫು ನಾನು ನೋಡಿಕೊಡುತ್ತೇನೆ, ಪುಕ್ಕಟೆ.

ವಿರೋಧ
ಮಂಚದ ಕೆಳಗೆ 310 ಪ್ರತಿ
(ಬರೆದವರು ಕಾಲೇಜು ಅಧ್ಯಾಪಕಿ, 2008ರಿಂದ ಬ್ಲಾಗು ಬರೆಯುತ್ತಿದ್ದಾರೆ)

ಈ ಪುಟ ಬರೆಯಬೇಕಿದ್ದವರು ಬೇರೆಯವರು. ಅವರು ಕೊನೆ ಗಳಿಗೆಯಲ್ಲಿ ಕೈಯೆತ್ತಿದ್ದರಿಂದ ‘ಮೇಡಂ, ನೀವು ಬ್ಲಾಗಿನವರಲ್ವಾ, ವಿರೋಧ ಬರೆದುಕೊಡ್ರಿ’ ಎಂದು ನನಗೆ ಬಂತು. ಜೊತೆಗೆ ಪ್ರೆಸ್ಸಿನ ಹಿರಿಯರ ಬರಹವನ್ನೂ ಕಳಿಸಿದರು. ಅದನ್ನು ಓದಿದ ಮೇಲೆ ವಿರೋಧಿಸುವುದು ಕಷ್ಟ. ಆದರೂ ಒಪ್ಪಿಕೊಂಡಾಗಿದೆ.

ಹಿರಿಯರ ಪ್ರಕಾರ ನಾವೆಲ್ಲ ಉಳಿ ಸುತ್ತಿಗೆ ಹಿಡಿದು ಮೊಳಕಾಲ್ಮೂರಿನ ಬಂಡೆ ಹತ್ತಬೇಕು. ಹತ್ತೋಣ. ಆದರೆ ಆ ಲಿಪಿಯನ್ನು ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಓದಿದ್ದು 1837ರ ಹೊತ್ತಿಗೆ, ಶಾಸನತಜ್ಞ ಬಿ.ಎಲ್. ರೈಸ್ ಈ ಶಾಸನಗಳನ್ನು ಲೋಕಕ್ಕೆ ತೋರಿಸಿದ್ದು 1892ರಲ್ಲಿ. ಅಲ್ಲಿಯ ತನಕ ಚಪಡನ ಹೆಸರಿನ ಮೇಲೆ ಕುರಿ ಮಲಗಿದ್ದಿರಬೇಕು. ಉಳಿದರೆ ಸಾಕೇ, ಓದುವವರು ಬೇಡವೇ?

ಓದುವವರ ಲೆಕ್ಕ ನನಗೆ ಗೊತ್ತು. ನನ್ನ ಬ್ಲಾಗೂ ಪುಸ್ತಕವಾಗಿದೆ. 2009ರಲ್ಲಿ ಚಿತ್ರದುರ್ಗದಲ್ಲಿ 75ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಎಲ್. ಬಸವರಾಜು ಅಧ್ಯಕ್ಷರಾಗಿದ್ದದ್ದು, ಅಲ್ಲಿ ಪುಸ್ತಕ ಮಳಿಗೆಗಳ ಹಿಂದೆ ನಾವು ಬ್ಲಾಗಿನವರು ಏಳೆಂಟು ಜನ ಮೊದಲ ಸಲ ಮುಖ ನೋಡಿಕೊಂಡೆವು. ಅದುವರೆಗೆ ಒಬ್ಬರ ಬರಹದ ಕೆಳಗೆ ಒಬ್ಬರು ‘ಚೆನ್ನಾಗಿದೆ’ ಎಂದು ಬರೆದುಕೊಂಡಿದ್ದವರು. ಟೀ ಕುಡಿಯುತ್ತಾ ಯಾರೋ ‘ಎಲ್ಲಾ ಪುಸ್ತಕ ಮಾಡಾಣ’ ಅಂದರು. ನಾನು ಮಾಡಿದೆ. 500 ಪ್ರತಿ, ದುಡ್ಡು ನನ್ನದೇ. ಬ್ಲಾಗಿನಲ್ಲಿದ್ದದ್ದು ಯೂನಿಕೋಡು, ಡಿಟಿಪಿಯ ಹುಡುಗನಿಗೆ ಬೇಕಾದದ್ದು ‘ನುಡಿ’ ತಂತ್ರಾಂಶದ ಅಕ್ಷರ. ಪರಿವರ್ತನೆ ಮಾಡಿದಾಗ ಅರ್ಕಾವತ್ತುಗಳೆಲ್ಲ ಎದ್ದು ಪಕ್ಕದವರ ಹೆಗಲ ಮೇಲೆ ಕೂತವು. ಮೂರು ಪ್ರೂಫು ನಾನೂ ನೋಡಿದೆ. ಆದರೂ 41ನೇ ಪುಟದಲ್ಲಿ ಒಂದು ಕೂತೇ ಇದೆ. ಈಗ ಮಂಚದ ಕೆಳಗೆ 310 ಪ್ರತಿ ಉಳಿದಿವೆ. ಗ್ರಂಥಾಲಯಕ್ಕೆ ಕಳಿಸಿದ್ದು ಯಾವ ಕಪಾಟಿನಲ್ಲಿದೆಯೋ. ನೆಂಟರ ಮದುವೆಗೆ ಉಡುಗೊರೆ ಕೊಟ್ಟು ಕೊಟ್ಟು ಈಗ ನೆಂಟರೇ ತೀರಿದ್ದಾರೆ.

ನಾನು ಬರೆಯುವುದು ತಿಂಡಿಯ ಬಗ್ಗೆ. ಬೆಣ್ಣೆದೋಸೆಯ ಮೇಲೆ ಒಂದು ಲೇಖನವಿದೆ. ಚೆನ್ನಮ್ಮ ಎಂಬಾಕೆ 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ನಾಟಕದ ಥಿಯೇಟರಿನ ಹತ್ತಿರ ದೋಸೆ ಹಾಕಲು ಶುರುಮಾಡಿದರು ಎಂದು ಊರಲ್ಲಿ ಹೇಳುವ ಕಥೆ. ಆಗಲೂ ದೋಸೆ ಅಕ್ಕಿಯದೇ ಎಂದು ಬರೆದಿದ್ದೆ. ಮಾರನೇ ದಿನವೇ ಒಬ್ಬ ಅಜ್ಜ, ‘ಅಲ್ಲವ್ವ, ಮೊದಲು ರಾಗಿ ದೋಸೆ, ಅಕ್ಕಿಗೆ ಬಂದದ್ದು ಮಕ್ಕಳ ಕಾಲಕ್ಕೆ’ ಎಂದು ತಿದ್ದಿದರು. ಹಿಟ್ಟಿಗೆ ಮಂಡಕ್ಕಿ ಹಾಕಬೇಕು, ಬರೀ ಉದ್ದು ಅಕ್ಕಿ ಅಲ್ಲ ಎಂದು ಒಬ್ಬ ಹೆಂಗಸು. ಸೌದೆ ಒಲೆ ಮರೆತಿರಲ್ಲ ಎಂದು ದುಬೈನಿಂದ ಒಬ್ಬ ಹರಿಹರದ ಹುಡುಗ. ಮೂರು ಸಲ ತಿದ್ದಿದೆ. ಅಷ್ಟರಲ್ಲಿ ಅಚ್ಚಿಗೆ ಹೋಗಿದ್ದ ಪುಸ್ತಕದಲ್ಲಿ ಮೊದಲ ದೋಸೆಯೂ ಅಕ್ಕಿಯದೇ ಆಗಿ ಕೂತಿದೆ. ನಾನು ಸತ್ತ ಮೇಲೆ ಕೋಲ್ಕತ್ತದಲ್ಲಿ ಯಾರಾದರೂ ತೆಗೆದು ನೋಡಿದರೆ ತಪ್ಪೇ ಸಿಗುತ್ತದೆ.

ಹಿರಿಯರ ಗೆಳೆಯನ ಬ್ಲಾಗು ನನಗೆ ಗೊತ್ತಿತ್ತು. ನನ್ನ ಪುಟದ ಬಲಬದಿಯ ‘ನಾನು ಓದುವ ಬ್ಲಾಗುಗಳು’ ಪಟ್ಟಿಯಲ್ಲಿ ಮೂರನೆಯದು. ಲೇಖನ ಓದಿ, ಹೋಗಿ ಒತ್ತಿ ನೋಡಿದೆ. ರಮ್ಮಿ. ಇಷ್ಟು ವರ್ಷ ನನ್ನ ಓದುಗರನ್ನು ನಾನೇ ಇಸ್ಪೀಟಿಗೆ ಕಳಿಸುತ್ತಿದ್ದೆ ಎಂದಾಯಿತು! ವಿಳಾಸ ಇತ್ತಲ್ಲ ಎಂದು ಅದನ್ನೇ ಇಂಟರ್ನೆಟ್ ಆರ್ಕೈವಿನಲ್ಲಿ ಹಾಕಿ ಹುಡುಕಿದೆ. ಹಳೆಯ ಜಾಲಪುಟಗಳ ನಕಲು ಇಟ್ಟುಕೊಳ್ಳುವ ಉಗ್ರಾಣ ಅದು, 1996ರಿಂದ ಇದೆ. ಹನ್ನೊಂದು ಪುಟ ಸಿಕ್ಕವು. ಚಿತ್ರಗಳು ಬರುವುದಿಲ್ಲ, ಎರಡು ಅರ್ಧಕ್ಕೇ ನಿಲ್ಲುತ್ತವೆ. ಸಾಲ ಕೊಟ್ಟವರೂ ಹೆಂಡತಿಯರೂ ಎರಡು ಸಾಲಾಗಿ ನಿಂತದ್ದು ಪೂರ್ತಿ ಇದೆ. ಹೆಂಡತಿಯರು ಮೊದಲು ಹಿಡಿಯುತ್ತಿದ್ದರಂತೆ.

ಕೊಂಡಿಯನ್ನು ಸಂಪಾದಕರಿಗೆ ಕಳಿಸಿ, ಪ್ರೆಸ್ಸಿನ ಹಿರಿಯರಿಗೆ ಮುಟ್ಟಿಸಿ ಎಂದೆ. ಸಂಜೆ ಫೋನು ಬಂತು. ಹಿರಿಯರು ಹೇಳಿದರಂತೆ: “ಆಕಿಗೆ ಹೇಳ್ರಿ, ಪ್ರಿಂಟು ತೆಗೆಸಿ ಕಳಿಸ್ಲಿ. ದೊಡ್ಡ ಅಕ್ಷರದಾಗೆ.”